ನಾಲ್ಕು ವಿಷಲ್, ಒಂದು ತಿದ್ದುಪಡಿ

ಕಳೆದ ಭಾನುವಾರ ನಮ್ಮ ಮನೆಯ ಕುಕ್ಕರ್ ಸರಿಯಾಗಿ ನಾಲ್ಕು ಸಲ ಕೂಗಿತು. ಈ ಮಾತನ್ನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳಲು ನಾನು ತಯಾರಿದ್ದೆ. ಮಧ್ಯಾಹ್ನ ಒಂದು ಗಂಟೆಯವರೆಗೆ.

ಒಂದು ಗಂಟೆಗೆ ಏನಾಯಿತು ಎಂದು ಹೇಳುವ ಮುಂಚೆ ಅದರ ಹಿಂದಿನ ಬುಧವಾರಕ್ಕೆ ಹೋಗಬೇಕು. ಶುರುವಾದದ್ದು ಪೇಪರಿನಿಂದ. (ನಮ್ಮ ಮನೆಯ ಹೆಚ್ಚಿನ ಜಗಳಗಳು ಶುರುವಾಗುವುದು ಅಲ್ಲಿಂದಲೇ.) ಒಳಪುಟದ ಮೂಲೆಯಲ್ಲಿ, ಮೂರು ಕಾಲಿನ ಕೋಳಿಮರಿಯ ಫೋಟೋ ಪಕ್ಕದಲ್ಲಿ ಒಂದು ಪುಟ್ಟ ಸುದ್ದಿ ಇತ್ತು. ಕುಕ್ಕರ್ ವಿಷಲ್ ಎಣಿಸುವ ಯಂತ್ರವೊಂದನ್ನು ಯಾರೋ ಕಂಡುಹಿಡಿದಿದ್ದಾರಂತೆ. ಅದನ್ನು ಒಲೆಯ ಪಕ್ಕದ ಗೋಡೆಗೆ ತಗಲಿಹಾಕಬೇಕು. ಮೂರು ಬೇಕಾದರೆ ಮೂರು, ಐದು ಬೇಕಾದರೆ ಐದು, ಗುಂಡಿ ಒತ್ತಿಡಬೇಕು. ಅಷ್ಟು ವಿಷಲ್ ಆದ ಕೂಡಲೇ ಆ ಯಂತ್ರ ತಾನೂ ಕೂಗುತ್ತದೆ.

ಅಂದರೆ, ಕೂಗುವ ಪಾತ್ರೆಯ ಕಾವಲಿಗೆ ಇನ್ನೊಂದು ಕೂಗುವ ಡಬ್ಬಿ. ಇದಕ್ಕಿಂತ ದೊಡ್ಡ ಕೆಲಸ ವಿಜ್ಞಾನಕ್ಕೆ ಉಳಿದಿಲ್ಲವೇ ಎಂದು ನಾನು ನಕ್ಕೆ. ನನ್ನ ಹೆಂಡತಿ ಸುಮಾ ನಗಲಿಲ್ಲ. ಕಾಫಿ ಲೋಟ ನನ್ನ ಮುಂದಿಟ್ಟು, ಬಗ್ಗಿ, ಆ ಸುದ್ದಿಯನ್ನು ಪೂರ್ತಿ ಓದಿದಳು. ಅಂಗಡಿಗೆ ಬಂದ ದಿನವೇ ಒಂದು ತಂದು ನನ್ನ ಕುತ್ತಿಗೆಗೆ ಕಟ್ಟಬೇಕು ಎಂದಳು. ಗೋಡೆಗೆ ಅಂತ ಬರೆದಿದ್ದಾರಲ್ಲ ಅಂದೆ. ಗೋಡೆಗೆ ಕಿವಿ ನೆಟ್ಟಗಿದೆ ಅಂದಳು.

ಅದೇ ಪುಟದ ಕೆಳಗೆ ಇನ್ನೊಂದು ಸುದ್ದಿ ಇತ್ತು. ಅದನ್ನು ನಾನು ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡೆ. ನೆನಪು ಅನ್ನುವುದು ಟ್ರಂಕಿನಲ್ಲಿ ಮಡಿಸಿಟ್ಟ ಸೀರೆಯ ಹಾಗೆ ಇದ್ದಲ್ಲೇ ಇರುವುದಿಲ್ಲವಂತೆ. ಒಂದು ನೆನಪನ್ನು ಹೊರಗೆ ತೆಗೆದ ಪ್ರತಿ ಸಲವೂ ಮಿದುಳು ಅದನ್ನು ಹೊಸದಾಗಿ ಬರೆದು ಒಳಗಿಡುತ್ತದಂತೆ. ಹಾಗೆ ಬರೆಯುವಾಗ ಕೈತಪ್ಪು ಆಗಬಹುದಂತೆ. ಹೆಚ್ಚು ಸಲ ಹೇಳಿದ ಕತೆಯಲ್ಲೇ ಹೆಚ್ಚು ತಪ್ಪು ಇರಬಹುದು ಎಂದು ವಿಜ್ಞಾನಿಗಳು ಈಗ ಅನುಮಾನಿಸುತ್ತಿದ್ದಾರಂತೆ.

ಇಷ್ಟು ವರ್ಷ ಡೈರಿ ಬರೆದವನಿಗೆ ಇದೇನೂ ಆಶ್ಚರ್ಯವಲ್ಲ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಆದರೆ ನಂಬುವುದಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಯಾವ ನೆನಪನ್ನು ಎಂದು ಯಾರಾದರೂ ಕೇಳಿದಾಗಲೇ ಕಷ್ಟ.

ಇಲ್ಲಿ ಹೊಸ ಓದುಗರಿಗಾಗಿ ಒಂದು ಹಳೆಯ ಕತೆ ಹೇಳಬೇಕು. (ಹಳಬರು ಹಾರಿಸಬಹುದು. ಬೇಡ, ನೀವೂ ಓದಿ. ಇದರಲ್ಲಿ ಒಂದು ಕಲ್ಲಿದೆ.)

ಇಪ್ಪತ್ತೆರಡು ವರ್ಷದ ಹಿಂದೆ, ನಮ್ಮ ಮದುವೆಯಾದ ಹೊಸತು. ರಾಜಾಜಿನಗರದಲ್ಲಿ ಓನರ್ ಮನೆಯ ಹಿಂಭಾಗದ ಪೋರ್ಷನ್ನಿನಲ್ಲಿ ಬಾಡಿಗೆಗೆ ಇದ್ದೆವು. ಒಂದು ಭಾನುವಾರ ನನ್ನ ಅಮ್ಮ ಮತ್ತು ಅಕ್ಕ ಮೊದಲ ಸಲ ಊಟಕ್ಕೆ ಬಂದರು. ಸುಮಾ ತೊಗರಿಬೇಳೆ ಸಾರು ಮಾಡಿದ್ದಳು. ಬೇಳೆ ಬೆಂದಿರಲಿಲ್ಲ. ಅಕ್ಕ ಬೇಳೆಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಾ ಗಟ್ಟಿಯಾಗಿ ಎಣಿಸಿದಳು. ಇಪ್ಪತ್ತಕ್ಕೆ ನಿಲ್ಲಿಸಿ, ಉಳಿದದ್ದು ಮುಂದಿನ ಸಲ ಅಂದಳು. ಎಲ್ಲರೂ ನಕ್ಕರು. ಅಷ್ಟೇ.

ಅಷ್ಟೇ ಅಂದರೆ ಮುಗಿಯುತ್ತದೆಯೇ? ನಮ್ಮದು ದೊಡ್ಡ ಬಳಗ. ನಾಮಕರಣ, ಗೃಹಪ್ರವೇಶ, ಸೀಮಂತ, ಎಲ್ಲಿ ಪಂಕ್ತಿ ಕೂತರೂ ಸಾರು ಬರುವ ಹೊತ್ತಿಗೆ ಅಕ್ಕನಿಗೆ ಈ ಕತೆ ನೆನಪಾಗುತ್ತದೆ. ಇಪ್ಪತ್ತಿದ್ದ ಬೇಳೆ ಮೂವತ್ತಾಯಿತು. ಐವತ್ತಾಯಿತು. ಈಚಿನ ಒಂದು ಮದುವೆಯಲ್ಲಿ ನೂರೆಂಟು ಆಗಿ, ಬೇಳೆಗೆ ಅಷ್ಟೋತ್ತರದ ಮರ್ಯಾದೆಯೂ ಸಿಕ್ಕಿತು. ಪ್ರತಿ ಸಲವೂ ಸುಮಾ ಎಲ್ಲರಿಗಿಂತ ಮೊದಲು ನಗುತ್ತಾಳೆ. ಹಾಗಾಗಿ ಅದು ಅವಳಿಗೂ ತಮಾಷೆಯೇ ಎಂದು ನಾವೆಲ್ಲ ನಂಬಿಕೊಂಡಿದ್ದೆವು.

ಎರಡು ವರ್ಷದ ಹಿಂದೆ ನಾನು ಅದನ್ನು ಇದೇ ಅಂಕಣದಲ್ಲಿ ಬರೆದೆ. ಬರೆದದ್ದಷ್ಟೇ ಅಲ್ಲ, ಚೆನ್ನಾಗಿ ಬರೆದೆ. ಸುಮಾ ಅಡುಗೆಮನೆಯಲ್ಲಿ ಒಬ್ಬಳೇ ಇದ್ದದ್ದು. ನಾನು ಸ್ಟೀಲ್ ಡಬ್ಬಿ ಹಿಡಿದು ಮೊಸರು ತರಲು ಮೂಲೆಯ ಅಂಗಡಿಗೆ ಹೋಗಿದ್ದು. ಅಂಗಡಿಯವನ ಮೀಸೆಯ ತುದಿಗೆ ಮೊಸರು ಹತ್ತಿದ್ದು. ನಾನು ವಾಪಸ್ ಬರುವಷ್ಟರಲ್ಲಿ ಅನಾಹುತ ನಡೆದುಹೋಗಿದ್ದು. ಓದುಗರು ಪತ್ರ ಬರೆದು ಮೆಚ್ಚಿಕೊಂಡರು. ಆ ಮೀಸೆಯನ್ನು ಅನೇಕರು ಹೊಗಳಿದ್ದರು.

ಆ ವಾರ ತರಕಾರಿ ಅಂಗಡಿಯಲ್ಲಿ ಯಾರೋ ಅಪರಿಚಿತ ಹೆಂಗಸು ಸುಮಾಳನ್ನು ತಡೆದು, ‘ನೀವು ಆ ಬೇಳೆ ಮೇಡಂ ಅಲ್ವಾ?’ ಎಂದು ಕೇಳಿದರಂತೆ. ಮನೆಗೆ ಬಂದು ಅದನ್ನೂ ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಡೈರಿಯಲ್ಲಿ ಬರೆದುಕೊಂಡೆ ಕೂಡ, ಮುಂದೆ ಯಾವುದಕ್ಕಾದರೂ ಆದೀತು ಎಂದು.

ಇನ್ನು ಭಾನುವಾರಕ್ಕೆ ಬರೋಣ.

ಅಕ್ಕ ಮತ್ತು ಭಾವ ವಿಜಯನಗರದಿಂದ ಊಟಕ್ಕೆ ಬರುವವರಿದ್ದರು. ಭಾವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು. ಸುಮಾ ಬೆಳಿಗ್ಗೆ ಏಳರಿಂದ ಅಡುಗೆಮನೆಯಲ್ಲಿ. ಪಲ್ಯ, ಕೋಸಂಬರಿ, ಅನ್ನ ಎಲ್ಲ ಮುಗಿಸಿ, ಕೊನೆಗೆ ಹುಳಿಗೆ ಬೇಳೆ ಇಟ್ಟು, ತಲೆಗೆ ನೀರು ಹಾಕಿಕೊಂಡು ಬರುತ್ತೇನೆ ಎಂದು ಬಚ್ಚಲಿಗೆ ಹೊರಟಳು. ಹೋಗುವಾಗ ನನಗೆ ಹೇಳಿದ್ದು ಒಂದೇ ಕೆಲಸ. ನಾಲ್ಕು ವಿಷಲ್ ಆದ ಮೇಲೆ ಒಲೆ ಆರಿಸಬೇಕು.

ಎಂ.ಎ. ಮಾಡಿದವನಿಗೆ ಇದು ದೊಡ್ಡ ಕೆಲಸವೇ? ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು, ಭಾನುವಾರದ ಪುರವಣಿ ಬಿಡಿಸಿ ಕೂತೆ. ಬುಧವಾರದ ಅವಮಾನ ಇನ್ನೂ ಆರಿರಲಿಲ್ಲ. ಹಾಗಾಗಿ ಈ ಸಲ ಪೆನ್ಸಿಲ್ ಹಿಡಿದುಕೊಂಡೇ ಕೂತೆ. ಒಂದು ಕೂಗಿತು. ಪುರವಣಿಯ ಅಂಚಿಗೆ ಒಂದು ಗೀಟು. ಎರಡು. ಇನ್ನೊಂದು ಗೀಟು.

ಬಸವೇಶ್ವರನಗರದಲ್ಲಿ ಭಾನುವಾರ ಹನ್ನೆರಡು ಗಂಟೆ ಹೊತ್ತಿಗೆ ಕುಕ್ಕರುಗಳದ್ದೇ ಕಚೇರಿ. ನಮ್ಮ ರಸ್ತೆಯಲ್ಲೇ ಮನೆಗೊಂದು ಶ್ರುತಿ. ಎದುರು ಮನೆಯದ್ದು ಕೂಗುವುದಿಲ್ಲ, ಗೊರಕೆ ಹೊಡೆಯುತ್ತದೆ. ಮೂಲೆ ಮನೆಯದ್ದು ಒಂದೇ ಸಲ ಉದ್ದಕ್ಕೆ ಎಳೆದು ಸುಮ್ಮನಾಗುತ್ತದೆ. ಆರೇಳು ಸಲ ಒಂದೇ ಸಮ ಕೂಗಿದರೆ ಯಾರ ಮನೆಯಲ್ಲೋ ಕಡಲೆಕಾಳು, ಎಂದರೆ ಅವರ ಮನೆಗೆ ಊರಿನಿಂದ ಯಾರೋ ಬಂದಿದ್ದಾರೆ. ಎರಡು ದಿನ ಕೂಗದಿದ್ದರೆ ಮನೆಗೆ ಬೀಗ. ಗಡಿಯಾರ, ಅತಿಥಿ, ಉಪವಾಸ, ಗಂಡ ಹೆಂಡಿರ ಮುನಿಸು, ಎಲ್ಲದರ ಸುದ್ದಿಯನ್ನೂ ಈ ರಸ್ತೆ ಕಿವಿಯಿಂದಲೇ ಓದುತ್ತದೆ.

ಮೂರು. ನಾಲ್ಕು. ಎದ್ದು ಹೋಗಿ ಒಲೆ ಆರಿಸಿದೆ. ನಾಲ್ಕು ಗೀಟು ಹಾಕಿದ ಪುರವಣಿಯನ್ನು ಮಡಿಸಿ ಟೇಬಲ್ ಮೇಲಿಟ್ಟೆ. ಸಾಕ್ಷಿ ಇರಲಿ ಎಂದು.

ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ಅಕ್ಕ ಒಳಗೆ ಬರುತ್ತಲೇ, ಭಾವ ಆಟೋದಲ್ಲೇ ಮಾತ್ರೆ ನುಂಗಿದ್ದಾರೆ, ಮಾತು ಆಮೇಲೆ, ಮೊದಲು ತಟ್ಟೆ ಹಾಕಿ ಅಂದಳು. ಸುಮಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಅಡುಗೆಮನೆಗೆ ಓಡಿದಳು. ಕುಕ್ಕರಿನ ಮುಚ್ಚಳ ಸಲೀಸಾಗಿ ಬಿಚ್ಚಿಕೊಂಡಿತು. ಸೌಟಿನಲ್ಲಿ ತೆಗೆದು ನೋಡಿದಳು. ಬೇಳೆ ಮೆತ್ತಗಾಗಿತ್ತು, ಆದರೆ ಬಿರಿದಿರಲಿಲ್ಲ.

‘ನಾಲ್ಕೂ ಆಯ್ತಾ, ಸರಿಯಾಗಿ?’

ನಾನು ಪುರವಣಿ ತೋರಿಸಿದೆ. ನಾಲ್ಕು ಗೀಟು. ಇಂಥ ದಾಖಲೆಯನ್ನು ಯಾರು ಅಲ್ಲಗಳೆದಾರು?

ಹಾಗಾದರೆ ತಪ್ಪು ಬೇಳೆಯದ್ದೇ ಆಗಿರಬೇಕು. ಹೊಸದಾಗಿ ತೆರೆದಿರುವ ಏಸಿ ಸೂಪರ್‌ಮಾರ್ಕೆಟ್ಟಿನಿಂದ ಪಾಲಿಷ್ ಮಾಡಿದ ಪ್ಯಾಕೆಟ್ ಬೇಳೆ ತರಿಸಿದ್ದು ನಾನು. (ಅಲ್ಲಿ ಬುಟ್ಟಿ ತಳ್ಳಿಕೊಂಡು ಓಡಾಡುವುದು ನನಗೆ ಇಷ್ಟ.) ಇಲ್ಲವೇ ನೀರಿನದ್ದು. ಆ ವಾರ ಕಾವೇರಿ ನೀರು ಬಂದಿರಲಿಲ್ಲ, ಬೋರ್ ನೀರಿನಲ್ಲೇ ಅಡುಗೆ. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎನ್ನುವುದು ಈ ಏರಿಯಾದಲ್ಲಿ ಎಲ್ಲರೂ ಒಪ್ಪಿದ ಸತ್ಯ. ಇಲ್ಲವೇ ಗ್ಯಾಸ್ಕೆಟ್ಟಿನದ್ದು. ನಾನು ಇವನ್ನೆಲ್ಲ ಒಂದೊಂದಾಗಿ ಸುಮಾಳ ಮುಂದಿಟ್ಟೆ. ಅವಳು ಸೌಟಿನ ಹಿಂಭಾಗದಿಂದ ಬೇಳೆಯನ್ನು ಕುಕ್ಕಿ, ತರಕಾರಿಗೆ ಸುರಿದು, ಒಂದು ಕುದಿ ಕುದಿಸಿ ಇಳಿಸಿದಳು. ಮತ್ತೆ ಬೇಯಿಸಲು ಹೊತ್ತಿರಲಿಲ್ಲ. ಭಾವನ ಹೊಟ್ಟೆಯಲ್ಲಿ ಮಾತ್ರೆ ಕೆಲಸ ಶುರು ಮಾಡಿತ್ತು.

ಕೂತೆವು. ಕೋಸಂಬರಿ ಆಯಿತು, ಪಲ್ಯ ಆಯಿತು, ಹುಳಿ ಬಂತು. ಅಕ್ಕ ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ಒಂದು ಬೆಳಕು. ಮೆಲ್ಲಗೆ ಒಂದು ಬೇಳೆಯನ್ನು ಬೆರಳಿನಲ್ಲಿ ಎತ್ತಿ ತಟ್ಟೆಯ ಅಂಚಿಗೆ ಇಟ್ಟಳು.

‘ಒಂದು,’ ಅಂದಳು.

ನಾನು ಜೋರಾಗಿ ನಕ್ಕೆ. ಭಾವ ಕೂಡ ನಕ್ಕರು. (ಅವರು ನಗುವುದು ಅಪರೂಪ.) ಸುಮಾ ನಕ್ಕಳು. ಆದರೆ ಈ ಸಲ ಎಲ್ಲರಿಗಿಂತ ಮೊದಲು ಅಲ್ಲ, ಎಲ್ಲರ ನಂತರ. ಅಥವಾ ಮುಂದೆ ನಡೆದದ್ದನ್ನು ತಿಳಿದ ಮೇಲೆ ನನಗೆ ಹಾಗೆ ನೆನಪಾಗುತ್ತಿದೆಯೋ? ಖಚಿತವಾಗಿ ಹೇಳಲಾರೆ. ಬಡಿಸುತ್ತಿದ್ದ ಸೌಟು ಗಾಳಿಯಲ್ಲಿ ಒಂದು ಕ್ಷಣ ನಿಂತದ್ದಂತೂ ನೋಡಿದೆ.

ಅಕ್ಕ ಏಳಕ್ಕೆ ತಲುಪಿದ್ದಾಗ ನೀಲಮ್ಮ ಬಂದರು.

ನೀಲಮ್ಮ ನಮ್ಮ ಬಾಡಿಗೆಯವರು. ಗದಗಿನ ಕಡೆಯವರು. ನಾವು ಈ ಮನೆ ಕೊಂಡ ಮೇಲೆ ಇದನ್ನು ಎರಡು ಭಾಗ ಮಾಡಿ ಒಂದು ಪೋರ್ಷನ್ನನ್ನು ಅವರಿಗೆ ಕೊಟ್ಟೆವು. ಇದ್ದ ಒಂದು ದೊಡ್ಡ ಅಡುಗೆಮನೆಯ ನಡುವೆ ಗೋಡೆ ಎಬ್ಬಿಸಿದೆವು. ನಾಲ್ಕು ಇಂಚಿನ ಗೋಡೆ. ಆ ಕಡೆ ಅವರು ರೊಟ್ಟಿ ತಟ್ಟಿದರೆ ಈ ಕಡೆ ನಮ್ಮ ಚಮಚಗಳು ಅಲ್ಲಾಡುತ್ತವೆ.

ನೀಲಮ್ಮನ ಕೈಯಲ್ಲಿ ಬದನೆಕಾಯಿ ಎಣ್ಣೆಗಾಯಿ ತುಂಬಿದ ಬಟ್ಟಲು. ಬಾಗಿಲಲ್ಲಿ ನಿಂತು ಸುಮಾಳ ಕಡೆ ನೋಡಿ ಕೇಳಿದರು:

‘ಅಕ್ಕಾರ, ಗ್ಯಾಸ್ ತೀರೇತೇನ್ರಿ? ಮಂದಿ ಬರೂ ದಿನಾನ ನಿಮ್ಮ ಕುಕ್ಕರ್ ಒಂದೂ ಸೀಟಿ ಹೊಡೀಲಿಲ್ಲಲ್ರೀ. ಅದಕ್ಕ ಸ್ವಲ್ಪ ಎಣಗಾಯಿ ತಂದೆ.’

ಅಕ್ಕನ ಬೆರಳು ಎಂಟನೆಯ ಬೇಳೆಯ ಮೇಲೆ ನಿಂತಿತು.

ನಾನು ನಯವಾಗಿ, ಇಲ್ಲ ನೀಲಮ್ಮ, ಕೂಗಿತಲ್ಲ, ನಾಲ್ಕು ಸಲ ಕೂಗಿತು, ನಾನೇ ಎಣಿಸಿದ್ದೇನೆ ಎಂದು ಹೇಳಿ ಪುರವಣಿಗೆ ಕೈಚಾಚಿದೆ. ನೀಲಮ್ಮ ಅದನ್ನು ನೋಡುವ ಗೋಜಿಗೂ ಹೋಗಲಿಲ್ಲ.

‘ಆ ನಾಕೂ ನಮ್ಮವ್ರೀ ಸರ್. ಹೆಸರುಕಾಳು ಇಟ್ಟಿದ್ದೆ.’

ನಮ್ಮ ಕುಕ್ಕರ್ ಇನ್ನೂ ಉಸಿರು ಎಳೆದುಕೊಳ್ಳುತ್ತಿರುವಾಗಲೇ ನಾನು ಹೋಗಿ ಅದರ ಬಾಯಿ ಮುಚ್ಚಿಸಿದ್ದೆ. ಪಕ್ಕದ ಮನೆಯವರ ಕಾಳು ಬೆಂದದ್ದಕ್ಕೆ ನಮ್ಮ ಮನೆಯ ಒಲೆ ಆರಿಸಿದ್ದೆ. ಪೆನ್ಸಿಲ್ ಹಿಡಿದು, ಸಾಕ್ಷಿ ಸಮೇತ.

ಮೊದಲು ನಕ್ಕವರು ಭಾವ. ನಗುವಿಗೆ ನೆತ್ತಿ ಹತ್ತಿ ನೀರು ಕುಡಿಯಬೇಕಾಯಿತು. ಅಕ್ಕ ನನ್ನ ಬೆನ್ನಿಗೆ ಎಡಗೈಯಲ್ಲಿ ಗುದ್ದಿದಳು. ಎಂ.ಎ.ನಲ್ಲಿ ಯಾವ ಸಬ್ಜೆಕ್ಟೋ ನಿಂದು ಎಂದು ಕೇಳಿದಳು. ನೀಲಮ್ಮನಿಗೆ ವಿಷಯ ತಿಳಿದು, ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು.

ಸುಮಾ ಮಾತ್ರ ನಗಲಿಲ್ಲ. ಹುಳಿಯ ಪಾತ್ರೆಯನ್ನು ಕೆಳಗಿಟ್ಟು, ನನ್ನನ್ನೇ ನೋಡುತ್ತಾ, ಬಹಳ ಮೆತ್ತಗೆ ಕೇಳಿದಳು:

‘ರೀ, ಆವತ್ತು ಎಣಿಸಿದ್ದು ಯಾರು?’

ಯಾವತ್ತು ಎಂದು ಯಾರೂ ಕೇಳಲಿಲ್ಲ.

ನಾನು ಮೊಸರಿಗೆ ಹೋಗಿದ್ದೆನಲ್ಲ ಅಂದೆ. ಸ್ಟೀಲ್ ಡಬ್ಬಿ, ಮೀಸೆ, ಎಲ್ಲವೂ ಕಣ್ಣ ಮುಂದೆ ಬಂದವು. ಅಷ್ಟು ಸ್ಪಷ್ಟವಾಗಿ ಕಾಣುವುದು ಸುಳ್ಳಾಗಿರಲು ಸಾಧ್ಯವೇ? ಸುಮಾ, ಆವತ್ತಿನ ಡೈರಿ ಇದೆಯಲ್ಲ, ತನ್ನಿ ಅಂದಳು.

ಡೈರಿಗಳು ಮೇಲಿನ ರೂಮಿನ ಟ್ರಂಕಿನಲ್ಲಿವೆ. ಇಷ್ಟು ವರ್ಷದಲ್ಲಿ ಅವನ್ನು ನಾನು ತೆಗೆದು ಓದಿದ್ದು ಕಡಿಮೆ. ಎರಡು ವರ್ಷದ ಹಿಂದೆ ಅಂಕಣ ಬರೆಯುವಾಗ ಕೂಡ ತೆಗೆದಿರಲಿಲ್ಲ. ಎಲ್ಲ ನೆನಪಿತ್ತಲ್ಲ, ತೆಗೆಯುವುದೇಕೆ? ಊಟದ ಮಧ್ಯೆ ಎದ್ದು ಕೈ ತೊಳೆದು ಹೋದೆ. ಬೂದು ರಟ್ಟಿನ ಡೈರಿ. ಪುಟ ಸಿಕ್ಕಿತು. ಮೆಟ್ಟಿಲ ಮೇಲೆ ನಿಂತೇ ಓದಿದೆ. ಮತ್ತೆ ಓದಿದೆ. ಆಮೇಲೆ ಕೆಳಗೆ ಬಂದು ನನ್ನ ಜಾಗದಲ್ಲಿ ಕೂತೆ.

ಇಲ್ಲೊಂದು ವಿಷಯ ಹೇಳಬೇಕು. ನನ್ನ ಅಕ್ಷರ ನನಗೆ ಬಿಟ್ಟರೆ ಇನ್ಯಾರಿಗೂ ಓದಲು ಬರುವುದಿಲ್ಲ. ಅಂಚೆಯವರು ನನ್ನ ಪತ್ರಗಳನ್ನು ಎರಡು ಸಲ ಬೇರೆ ಊರಿಗೆ ಕಳಿಸಿದ್ದಾರೆ. ಆ ಪುಟದಲ್ಲಿ ‘ಮೊಸರು’ ಎಂದು ಇದೆ ಎಂದು ನಾನು ಹೇಳಿದ್ದರೆ, ಆ ಕೋಣೆಯಲ್ಲಿ ಅದನ್ನು ಅಲ್ಲ ಎನ್ನುವವರು ಯಾರೂ ಇರಲಿಲ್ಲ. ಹೇಳಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ನಾಲ್ಕು ಜನ ಕಾಯುತ್ತಿದ್ದರು. ಸುಮಾ ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಪರೀಕ್ಷೆಯ ರಿಸಲ್ಟ್ ಕೇಳುವವಳ ಹಾಗೆ ನಿಂತಿದ್ದಳು. ಆಗ ನನಗೆ ಹೊಳೆಯಿತು. ಇವಳಿಗೆ ಇದು ಎಂದೂ ತಮಾಷೆಯಾಗಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಓದಿದೆ:

‘ಅಮ್ಮ, ಅಕ್ಕ ಊಟಕ್ಕೆ ಬಂದಿದ್ದರು. ನಲ್ಲಿ ನೀರು ಬಂತೆಂದು ಸುಮಾ ಕೊಡ ತೆಗೆದುಕೊಂಡು ಓಡಿದಳು. ನನ್ನನ್ನು ಕುಕ್ಕರಿನ ಕಾವಲಿಗೆ ಬಿಟ್ಟಳು. ಮೂರು ವಿಷಲ್ ಎಣಿಸಿ ಆರಿಸಿದೆ. ಬೇಳೆ ಬೆಂದಿರಲಿಲ್ಲ. ಅಕ್ಕ ಎಣಿಸಿ ತಮಾಷೆ ಮಾಡಿದಳು. ಸಂಜೆ ಓನರ್ ಮನೆಯಿಂದ ಹುರುಳಿಕಾಳಿನ ಬಸ್ಸಾರು ಕಳಿಸಿದ್ದರು. ಚೆನ್ನಾಗಿ ಬೆಂದಿತ್ತು.’

‘ಚೆನ್ನಾಗಿ ಬೆಂದಿತ್ತು’ ಎಂಬಲ್ಲಿ ಭಾವ ಕೆಮ್ಮಿದಂತೆ ಕೇಳಿಸಿತು.

ಮೊಸರು ಎಲ್ಲಿ ಹೋಯಿತು? ಪುಟ ತಿರುವಿದೆ. ಮುಂದಿನ ವಾರದ ಒಂದು ದಿನದಲ್ಲಿ ಸಿಕ್ಕಿತು. ಡಬ್ಬಿ, ಅಂಗಡಿ, ಮೀಸೆ, ಎಲ್ಲ ಅಲ್ಲಿದ್ದವು. ಸುಳ್ಳೇನೂ ಅಲ್ಲ, ಆದರೆ ದಿನ ಬೇರೆ. ಯಾವುದೋ ಒಂದು ಮಂಗಳವಾರದ ಮೊಸರನ್ನು ತಂದು ಆ ಭಾನುವಾರದ ಅಡುಗೆಮನೆಯ ಬಾಗಿಲಿಗೆ ಅಡ್ಡ ಇಟ್ಟು, ನಾನು ಹೊರಗೆ ನಿಂತುಕೊಂಡಿದ್ದೆ. ಯಾವಾಗ ಹಾಗೆ ಮಾಡಿದೆ? ಮೊದಲ ನಾಮಕರಣದಲ್ಲೋ, ಎರಡನೆಯ ಗೃಹಪ್ರವೇಶದಲ್ಲೋ? ಗೊತ್ತಿಲ್ಲ. ಬೇಕೆಂದು ಮಾಡಿದ್ದಲ್ಲ ಎಂದು ಹೇಳಲು ನಾಲಿಗೆ ಎದ್ದಿತು. ಅದನ್ನೂ ಖಚಿತವಾಗಿ ಹೇಳಲಾರೆ ಎನ್ನಿಸಿ ಸುಮ್ಮನಾದೆ.

ಅಂದು ನಾನು ಎಣಿಸಿದ್ದು ಓನರ್ ಮನೆಯ ಹುರುಳಿಕಾಳಿನ ವಿಷಲ್ಲೇ ಎನ್ನಲು ಪುರಾವೆ ಇಲ್ಲ. ಅವರ ಅಡುಗೆಮನೆಯೂ ನಮ್ಮದೂ ಗೋಡೆಗೆ ಗೋಡೆ ಅಂಟಿಕೊಂಡಿದ್ದವು ಎನ್ನುವುದು ನಿಜ. ಅವರು ಕಾಳನ್ನು ಸಂಜೆಯೇ ಬೇಯಿಸಿರಬಹುದು. ನಮ್ಮ ಬೇಳೆಯೇ ಹಳೆಯದಿರಬಹುದು. ಆದರೆ ಒಲೆ ಆರಿಸಿದ ಕೈ ಯಾರದ್ದು ಎನ್ನುವುದಕ್ಕೆ ಮಾತ್ರ ಇನ್ನು ಅನುಮಾನವಿಲ್ಲ.

ಅಕ್ಕನಿಗೆ ನಿಜಕ್ಕೂ ಪಿಚ್ಚೆನಿಸಿತು. ಎದ್ದುಹೋಗಿ ಸುಮಾಳ ಕೈ ಹಿಡಿದುಕೊಂಡಳು.

‘ಇಷ್ಟು ವರ್ಷ ಅನ್ನಿಸ್ಕೊಂಡು ಸುಮ್ನೆ ಇದ್ಯಲ್ಲೇ. ಒಂದ್ ಮಾತು ಹೇಳೋದಲ್ವಾ, ನಾನಲ್ಲ ಇವನು ಅಂತ?’

‘ನಂಗೂ ಗೊತ್ತಿರ್ಲಿಲ್ಲ ಅತ್ತಿಗೆ. ಇವ್ರು ಮೊಸರಿಗೆ ಹೋಗಿದ್ದೆ ಅಂತ ಅಷ್ಟು ಸಲ ಹೇಳಿದ್ರಲ್ಲ. ಹಂಗಾದ್ರೆ ನಾನೇ ಆರಿಸಿರ್ಬೇಕು ಅಂದ್ಕೊಂಡೆ.’

ಓದುಗರೇ, ಆ ಪೇಪರಿನ ತುಂಡಿನಲ್ಲಿ ಇದು ಇರಲಿಲ್ಲ. ಒಬ್ಬನು ತನ್ನ ನೆನಪನ್ನು ತಿದ್ದುತ್ತಾ ಹೋದರೆ ಅವನ ನೆನಪು ಮಾತ್ರ ಕೆಡುತ್ತದೆ ಎಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರದ್ದೂ ಕೆಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಲ್ಲಿಗೆ ಕೊಡ ಹಿಡಿದು ಓಡಿದ ತನ್ನ ಕಾಲುಗಳನ್ನೇ ಅವಳು ಮರೆತಿದ್ದಳು. ನಾನು ಅಷ್ಟು ಚೆನ್ನಾಗಿ ಕತೆ ಹೇಳಿದ್ದೆ.

ಅವಳ ಮಾತು ಅಲ್ಲಿಗೆ ಮುಗಿದಿರಲಿಲ್ಲ.

‘ಅದಕ್ಕೇ ಅಲ್ವಾ ಅತ್ತಿಗೆ, ಎಲ್ರೂ ಮೂರು ಅಂದ್ರೆ ನಾನು ನಾಲ್ಕು ಹಾಕ್ಸೋದು. ಒಂದು ಜಾಸ್ತಿನೇ ಇರ್ಲಿ ಅಂತ.’

ನಮ್ಮ ಮನೆಯಲ್ಲಿ ಬೇಳೆಗೆ ನಾಲ್ಕು ವಿಷಲ್. ಮೊದಲಿನಿಂದಲೂ ಹಾಗೆ, ಅದು ಅವಳ ತವರಿನ ಪದ್ಧತಿ ಇರಬೇಕು ಎಂದುಕೊಂಡಿದ್ದೆ. ಆ ನಾಲ್ಕನೆಯದು ನನ್ನದು ಎಂದು ನನಗೆ ಗೊತ್ತೇ ಇರಲಿಲ್ಲ. ದಿನವೂ ಅದು ಕೂಗುತ್ತಿತ್ತು, ನಾನು ದಿನವೂ ಕೇಳುತ್ತಿದ್ದೆ.

ತಪ್ಪಾಯಿತು ಎಂದು ಎಲ್ಲರ ಎದುರಿಗೇ ಹೇಳಿದೆ. ಸುಮಾ, ಇಲ್ಲಿ ಹೇಳಿದರೆ ಸಾಲದು, ಎಲ್ಲಿ ಬರೆದಿದ್ದಿರೋ ಅಲ್ಲೇ ಬರೆಯಿರಿ ಅಂದಳು. ತರಕಾರಿ ಅಂಗಡಿಯ ಆ ಹೆಂಗಸು ಓದುವ ಹಾಗೆ ಇರಬೇಕಂತೆ. ಹೀಗೆ ಹೇಳುವಾಗ ಅವಳ ತುಟಿಯ ಕೊನೆ ಅಲುಗಿತು. ಆಮೇಲೆ ತಡೆಯಲಾಗಲಿಲ್ಲ. ಕುರ್ಚಿ ಹಿಡಿದುಕೊಂಡು, ಒದ್ದೆ ಕೂದಲು ಮುಖದ ಮೇಲೆ ಬೀಳುವ ಹಾಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬೇಳೆಯ ಕತೆಗೆ ಅವಳು ಹಾಗೆ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಕ್ಕನೂ ಸೇರಿಕೊಂಡಳು. ನೀಲಮ್ಮ ನೆಲದ ಮೇಲೆ ಕೂತೇಬಿಟ್ಟರು.

‘ಇನ್ನ ಮ್ಯಾಲ ನಾ ಕುಕ್ಕರ್ ಇಟ್ಟಕೂಡ್ಲೆ ಎರಡ್ ಸಲ ಗ್ವಾಡಿ ಬಡೀತೀನ್ರಿ ಸರ್. ಬಡದ್ರ ನಮ್ದು ಅಂತ ತಿಳ್ಕೋರಿ.’

ಭಾವ ಆ ದಿನ ಆಡಿದ್ದು ಒಂದೇ ಮಾತು. ಎಣ್ಣೆಗಾಯಿ ಇನ್ನೊಂದು ಸ್ವಲ್ಪ ಹಾಕಿ ಎಂದರು.

ಅಕ್ಕನ ಪಿಚ್ಚು ಎಷ್ಟು ಹೊತ್ತು ಉಳಿದೀತು? ವಿಜಯನಗರಕ್ಕೆ ವಾಪಸ್ ಹೋದವಳು ಫೋನ್ ಹಿಡಿದು ಕೂತಳು. ಏಳು ಗಂಟೆಗೆ ಕೆಂಗೇರಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಏನಣ್ಣ, ಬಾಡಿಗೆಯವರ ಮನೆಗೆ ನುಗ್ಗಿ ಅವರ ಒಲೆ ಆರಿಸಿ ಬಂದೆಯಂತೆ ಎಂದು ಕೇಳಿದ. ಇಲ್ಲಪ್ಪ, ನಡೆದದ್ದು ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿ ಸುಮಾ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು. ಹೂಂ ಕಣಪ್ಪ, ಹಾಗೇ ಆಯಿತು ಅಂದೆ. ಮುಂದಿನ ಮದುವೆಯ ಹೊತ್ತಿಗೆ ನಾನು ಇಡೀ ರಸ್ತೆಯ ಒಲೆಗಳನ್ನು ಆರಿಸಿರುತ್ತೇನೆ. ಆಗಲಿ. ಇಪ್ಪತ್ತೆರಡು ವರ್ಷ ಅವಳದ್ದಾಯಿತು, ಇನ್ನು ನನ್ನದು.

ಆದ್ದರಿಂದ ಈ ತಿದ್ದುಪಡಿ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಬೇಯದ ಬೇಳೆಯ ಬಗ್ಗೆ ಬರೆದ ಅಂಕಣದಲ್ಲಿ, ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಇದ್ದವಳು ಸುಮಾ ಎಂದೂ ನಾನು ಮೊಸರಿಗೆ ಹೋಗಿದ್ದೆ ಎಂದೂ ಇದೆ. ಅಡುಗೆಮನೆಯಲ್ಲಿ ಇದ್ದವನು ನಾನು. ಒಲೆ ಆರಿಸಿದವನೂ ನಾನು. ಸುಮಾ ನೀರಿಗೆ ಹೋಗಿದ್ದಳು. ಅಂಗಡಿಯವನ ಮೀಸೆ ನಿಜ, ಆದರೆ ಅದು ಬೇರೆ ವಾರದ್ದು.

(ಇಷ್ಟನ್ನು ಸುಮಾ ಓದಿ ಒಪ್ಪಿದ್ದಾಳೆ. ಮೀಸೆಯ ಸಾಲು ಬೇಡ ಅಂದಳು. ನಾನೇ ಹಟ ಮಾಡಿ ಉಳಿಸಿಕೊಂಡೆ.)

ಸೋಮವಾರ ಬೆಳಿಗ್ಗೆ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದೆ. ಗೋಡೆಯ ಆ ಕಡೆಯಿಂದ ಬಡಿದ ಸದ್ದು ಇರಲಿಲ್ಲ. ಅಂದರೆ ಕುಕ್ಕರ್ ನಮ್ಮದೇ. ಒಂದು ಕೂಗಿತು. ಎರಡು. ಮೂರು. ನಾಲ್ಕನೆಯದಕ್ಕೆ ಕಾದೆ. ಅದರ ಬದಲು ಒಲೆಯ ಗುಂಡಿ ತಿರುಗಿದ ಟಕ್ ಸದ್ದು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಸುಮಾ ಏನೂ ಆಗದವಳ ಹಾಗೆ ಹುಣಸೆಹಣ್ಣು ಕಿವುಚುತ್ತಿದ್ದಳು. ಮೂರೇ ಹಾಕಿಸಿದೆಯಲ್ಲ ಅಂದೆ. ಮೂರು ಸಾಕು ಅಂದಳು.

ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಬೋರ್ ನೀರಿನಲ್ಲೇ, ಸೂಪರ್‌ಮಾರ್ಕೆಟ್ಟಿನ ಬೇಳೆಯೇ.

ಈಗ ಆ ಎಣಿಸುವ ಯಂತ್ರದ ವಿಚಾರ. ಬಂದರೆ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ನನಗಿಂತ ಚೆನ್ನಾಗಿ ಎಣಿಸುತ್ತದೆ, ಅನುಮಾನವಿಲ್ಲ. ಆದರೆ ಎಣಿಕೆಯಲ್ಲಿ ನಾನೂ ತಪ್ಪಿರಲಿಲ್ಲವಲ್ಲ? ಆವತ್ತೂ ಮೂರು ಸರಿಯಿತ್ತು, ಈ ಭಾನುವಾರವೂ ನಾಲ್ಕು ಸರಿಯಿತ್ತು. ನಾಲ್ಕು ಇಂಚಿನ ಗೋಡೆಯ ಯಾವ ಕಡೆಯದ್ದು ಎಂದು ಕೇಳಿಕೊಳ್ಳುವ ಯಂತ್ರವನ್ನು ಯಾರಾದರೂ ಕಂಡುಹಿಡಿದರೆ ತಿಳಿಸಿ.

ಅಂದಹಾಗೆ, ಇದನ್ನು ಓದುತ್ತಾ ಇರುವಾಗ ಒಂದು ವಿಷಲ್ ಕೇಳಿಸಿತಲ್ಲ, ಅದು ನಿಮ್ಮದೇ ಕುಕ್ಕರ್ ತಾನೇ?